ಮಕ್ಕಳ ಆಸ್ಪತ್ರೆ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ಮುಲುಂಡ್‌ನಿಂದ ಪರೇಲ್‌ವರೆಗಿನ ಅನುಭವ ಹೇಳುವುದೇನು?

ಮುಂಬೈ: 2021ರ ಡಿಸೆಂಬರ್‌ನಲ್ಲಿ ಮುಲುಂಡ್ ಪಕ್ಕದ ಭಾಂಡುಪ್‌ನಲ್ಲಿರುವ ಸಾವಿತ್ರಿಬಾಯಿ ಫುಲೆ ಹೆರಿಗೆ ಆಸ್ಪತ್ರೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ನಾಲ್ಕು ನವಜಾತ ಶಿಶುಗಳು ಮೃತಪಟ್ಟವು. ಸೋಂಕು ಕಾರಣ ಎಂಬ ಸುದ್ದಿ ಹೊರಬಿತ್ತು. ವಿಧಾನಮಂಡಲದಲ್ಲಿ ಗದ್ದಲವಾಯಿತು, ವೈದ್ಯಾಧಿಕಾರಿಯ ಅಮಾನತು ಘೋಷಣೆಯಾಯಿತು, ತನಿಖೆಗೆ ಆದೇಶವಾಯಿತು. ಅದು ಬೃಹನ್ಮುಂಬೈ ಮಹಾನಗರ ಪಾಲಿಕೆಯದೇ ಆಸ್ಪತ್ರೆ. ನವಜಾತ ಶಿಶುಗಳ ಐಸಿಯು ಕೂಡ ಅಲ್ಲಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ಮುಲುಂಡ್, ಭಾಂಡುಪ್, ಠಾಣೆ ಭಾಗದ ಕನ್ನಡಿಗ ಕುಟುಂಬಗಳಲ್ಲೂ ಒಂದೇ ಪ್ರಶ್ನೆ ಏಳುತ್ತದೆ. ನಮ್ಮ ಮಗುವನ್ನು ಸೇರಿಸುವ ಆಸ್ಪತ್ರೆ ಸರಿಯಾಗಿ ನಡೆಯುತ್ತಿದೆ ಎಂದು ನಂಬುವುದು ಯಾವುದರ ಮೇಲೆ? ಕಟ್ಟಡ ನೋಡಿಯೇ? ಡಾಕ್ಟರ್ ಹೆಸರು ಕೇಳಿಯೇ? ಪಕ್ಕದ ಮನೆಯವರ ಮಾತಿನ ಮೇಲೆಯೇ? ಇದನ್ನು ಅಳೆಯಲು ನಿಶ್ಚಿತ ವಿಧಾನಗಳಿವೆ. ಅಳೆದ ಮೇಲೆ ಸುಧಾರಿಸಿದ ಉದಾಹರಣೆ ಮುಂಬೈನಲ್ಲೇ ಇದೆ.

ಸಾವಿನ ಸಂಖ್ಯೆ ಮಾತ್ರ ನೋಡಿದರೆ ತಪ್ಪುತ್ತೇವೆ

ಮುಲುಂಡ್‌ನಲ್ಲಿ ಪಾಲಿಕೆಯ ಎಂ.ಟಿ. ಅಗರ್ವಾಲ್ ಆಸ್ಪತ್ರೆ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳಿವೆ, ಬೀದಿಗೊಂದರಂತೆ ನರ್ಸಿಂಗ್ ಹೋಮ್‌ಗಳಿವೆ. ಮಗುವಿನ ಸ್ಥಿತಿ ಗಂಭೀರವಾದರೆ, ಖಾಸಗಿ ಬಿಲ್ ಕಟ್ಟಲು ಆಗದವರ ದಾರಿ ಸಾಮಾನ್ಯವಾಗಿ ದಕ್ಷಿಣಕ್ಕೆ. ಘಾಟ್‌ಕೋಪರ್‌ನ ರಾಜಾವಾಡಿ, ಸಯಾನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಕೊನೆಗೆ ಪರೇಲ್‌ನ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ. 1929ರಿಂದ ನಡೆಯುತ್ತಿರುವ ವಾಡಿಯಾ, ಮಕ್ಕಳಿಗೆಂದೇ ಇರುವ ನಗರದ ಹಳೆಯ ದೊಡ್ಡ ಆಸ್ಪತ್ರೆ.

ಈಗ ಯೋಚಿಸಿ. ಬೇರೆಲ್ಲ ಕಡೆ ಕೈಚೆಲ್ಲಿದ ಮಕ್ಕಳು ಬಂದು ಸೇರುವ ಆಸ್ಪತ್ರೆಯಲ್ಲಿ ಸಾವಿನ ಸಂಖ್ಯೆ ಹೆಚ್ಚಿರುವುದು ಸಹಜ. ಗಂಭೀರ ಕೇಸ್ ಬಂದ ಕೂಡಲೇ ಆಂಬ್ಯುಲೆನ್ಸ್ ಹತ್ತಿಸಿ ಕಳುಹಿಸುವ ನರ್ಸಿಂಗ್ ಹೋಮ್‌ನಲ್ಲಿ ಸಾವಿನ ಲೆಕ್ಕ ಸೊನ್ನೆಯೂ ಇರಬಹುದು. ಹಾಗೆಂದು ನರ್ಸಿಂಗ್ ಹೋಮ್ ಮೇಲು ಎನ್ನಲಾಗದು. ಇದೇ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಗಳ ವಿಶೇಷ ನವಜಾತ ಶಿಶು ಆರೈಕೆ ಘಟಕಗಳಲ್ಲಿ, ಅಂದರೆ ಎಸ್‌ಎನ್‌ಸಿಯುಗಳಲ್ಲಿ, ಅಲ್ಲೇ ಹುಟ್ಟಿದ ಮಕ್ಕಳ ಲೆಕ್ಕವನ್ನೂ ಹೊರಗಿನಿಂದ ಬಂದ ಮಕ್ಕಳ ಲೆಕ್ಕವನ್ನೂ ಬೇರೆ ಬೇರೆ ಇಡಲಾಗುತ್ತದೆ.

ಸಂಖ್ಯೆಯನ್ನು ಸರಿಯಾಗಿ ಹೋಲಿಸಿದರೆ ಏನು ಗೊತ್ತಾಗಬಹುದು ಎಂಬುದಕ್ಕೆ ಬ್ರಿಟನ್‌ನ ಬ್ರಿಸ್ಟಲ್ ಪ್ರಕರಣ ಸಾಕ್ಷಿ. ಅಲ್ಲಿನ ರಾಯಲ್ ಇನ್‌ಫರ್ಮರಿಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶ ಸರಿಯಿಲ್ಲ ಎಂದು ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ ವರ್ಷಗಟ್ಟಲೆ ಹೇಳಿದರೂ ಮೇಲಿನವರು ಕಿವಿಗೊಡಲಿಲ್ಲ. ಇಯಾನ್ ಕೆನಡಿ ನೇತೃತ್ವದ ತನಿಖಾ ಸಮಿತಿ 2001ರಲ್ಲಿ ವರದಿ ಕೊಟ್ಟಿತು. 1991ರಿಂದ 1995ರ ನಡುವೆ, ಇಂಥ ಬೇರೆ ಕೇಂದ್ರಗಳಿಗೆ ಹೋಲಿಸಿದರೆ, ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಹೆಚ್ಚಾಗಿ ಸತ್ತಿದ್ದರು. ಅಂಕಿ ಅಂಶ ಆಸ್ಪತ್ರೆಯಲ್ಲೇ ಇತ್ತು. ಅದನ್ನು ನೋಡುವುದು ಯಾರ ಕೆಲಸ ಎಂಬುದೇ ತೀರ್ಮಾನವಾಗಿರಲಿಲ್ಲ.

ಸಯಾನ್‌ನಲ್ಲಿ ನಡೆದದ್ದು

ಸುಧಾರಣೆ ಎಂದರೆ ಹೊಸ ಯಂತ್ರ, ಹೊಸ ಕಟ್ಟಡ ಎಂದೇ ನಾವು ಅಂದುಕೊಳ್ಳುತ್ತೇವೆ. 'ಹೈಟೆಕ್ ಆಸ್ಪತ್ರೆ' ಎಂಬ ಹೆಡ್‌ಲೈನ್ ಕೊಟ್ಟು ನಾವು ಸುದ್ದಿಮನೆಯವರೂ ಆ ನಂಬಿಕೆಗೆ ನೀರೆರೆದಿದ್ದೇವೆ. ಸಯಾನ್ ಆಸ್ಪತ್ರೆಯ ಕಥೆ ಬೇರೆಯದನ್ನು ಹೇಳುತ್ತದೆ.

ಧಾರಾವಿಗೆ ಅಂಟಿಕೊಂಡಿರುವ ಈ ಪಾಲಿಕೆ ಆಸ್ಪತ್ರೆಯ ನವಜಾತ ಶಿಶು ವಿಭಾಗದಲ್ಲಿ ದಶಕಗಳ ಹಿಂದೆ ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳು ಸೋಂಕಿನಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಹಾಸಿಗೆಗಿಂತ ಮಕ್ಕಳು ಹೆಚ್ಚು, ಮಕ್ಕಳಿಗೆ ತಕ್ಕಷ್ಟು ನರ್ಸ್‌ಗಳಿಲ್ಲ. ವಿಭಾಗದ ಹೊಣೆ ಹೊತ್ತಿದ್ದ ಡಾ. ಆರ್ಮಿಡಾ ಫರ್ನಾಂಡಿಸ್ ಮತ್ತು ಸಹೋದ್ಯೋಗಿಗಳು ಸೋಂಕು ಎಲ್ಲಿಂದ ಬರುತ್ತಿದೆ ಎಂದು ನೋಡಿದರು. ಪುಡಿ ಹಾಲು, ಪ್ರಾಣಿಗಳ ಹಾಲು, ಅದನ್ನು ಕುಡಿಸುವ ಬಾಟಲಿ, ತೊಳೆಯದ ಕೈ. ಉತ್ತರ ಕಣ್ಣೆದುರೇ ಇತ್ತು.

ಅವರು ಮಾಡಿದ್ದು ಇಷ್ಟು. ಹೊರಗಿನ ಹಾಲು ನಿಲ್ಲಿಸಿ ತಾಯಿಯ ಹಾಲನ್ನೇ ಕೊಡಲು ಶುರು ಮಾಡಿದರು. ಐಸಿಯು ಬಾಗಿಲಾಚೆ ಕಾಯುತ್ತಿದ್ದ ತಾಯಂದಿರಿಗೆ ಕೈ ತೊಳೆಯುವುದನ್ನು ಕಲಿಸಿ ಒಳಗೆ ಕರೆದರು. ಮಗುವಿನ ಪಕ್ಕದಲ್ಲೇ ಕೂತು ಹಾಲು ಹಿಂಡಿ ಕುಡಿಸುವ, ಮಗುವನ್ನು ನೋಡಿಕೊಳ್ಳುವ ಕೆಲಸ ತಾಯಿಗೇ ಬಂತು. ಸಾವು ಗಣನೀಯವಾಗಿ ಇಳಿಯಿತು. ಹಾಲು ಬಾರದ ತಾಯಂದಿರ ಮಕ್ಕಳಿಗೆ ಏನು ಮಾಡುವುದು ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರವಾಗಿ 1989ರಲ್ಲಿ ಸಯಾನ್‌ನಲ್ಲಿ ಎದೆಹಾಲಿನ ಬ್ಯಾಂಕ್ ಶುರುವಾಯಿತು. ಅದು ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್. ಡಾ. ಫರ್ನಾಂಡಿಸ್ ಮುಂದೆ ಅದೇ ಆಸ್ಪತ್ರೆಯ ಡೀನ್ ಆದರು. 1999ರಲ್ಲಿ 'ಸ್ನೇಹಾ' ಸಂಸ್ಥೆ ಕಟ್ಟಿ ಧಾರಾವಿಯ ತಾಯಿ ಮಕ್ಕಳ ಆರೋಗ್ಯದ ಕೆಲಸಕ್ಕಿಳಿದರು.

ತಾಯಿಯನ್ನು ಒಳಗೆ ಬಿಟ್ಟರೆ ಸೋಂಕು ಹರಡುತ್ತದೆ ಎಂಬ ಮಾತನ್ನು ಇಂದಿಗೂ ಹಲವು ಆಸ್ಪತ್ರೆಗಳಲ್ಲಿ ಕೇಳುತ್ತೇವೆ. ಆದರೆ ಕೇಂದ್ರ ಆರೋಗ್ಯ ಸಚಿವಾಲಯವೇ 2017ರಲ್ಲಿ 'ಕುಟುಂಬ ಸಹಭಾಗಿತ್ವದ ಆರೈಕೆ' ಮಾರ್ಗಸೂಚಿ ಹೊರಡಿಸಿ, ನವಜಾತ ಶಿಶು ಘಟಕಗಳಲ್ಲಿ ಅಪ್ಪ ಅಮ್ಮನಿಗೆ ತರಬೇತಿ ಕೊಟ್ಟು ಮಗುವಿನ ಆರೈಕೆಯಲ್ಲಿ ತೊಡಗಿಸಬೇಕು ಎಂದಿದೆ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ 2022ರಲ್ಲಿ 'ಅಮೃತಧಾರೆ' ಹೆಸರಿನ ಎದೆಹಾಲಿನ ಬ್ಯಾಂಕ್ ಆರಂಭವಾಯಿತು.

ಅಂಕ ಕೊಡುವುದು ಹೇಗೆ?

ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡ ಇದೆ, ಚಿಕ್ಕದಾಗಿ ಎನ್‌ಕ್ಯೂಎಎಸ್. ಇದರಡಿ ಮಕ್ಕಳ ವಿಭಾಗಗಳಿಗೆಂದೇ 2021ರ ಸೆಪ್ಟೆಂಬರ್‌ನಲ್ಲಿ 'ಮುಸ್ಕಾನ್' ಯೋಜನೆ ಬಂತು. ನವಜಾತ ಶಿಶು ಘಟಕ, ಮಕ್ಕಳ ಹೊರರೋಗಿ ವಿಭಾಗ, ಮಕ್ಕಳ ವಾರ್ಡ್, ಅಪೌಷ್ಟಿಕತೆ ಪುನರ್ವಸತಿ ಕೇಂದ್ರಗಳನ್ನು ಇದು ಅಳೆಯುತ್ತದೆ. ಹುಟ್ಟಿನಿಂದ 12 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ.

ಪರಿಶೀಲಕರು ಉದ್ದನೆಯ ಚೆಕ್‌ಲಿಸ್ಟ್ ಹಿಡಿದು ಬರುತ್ತಾರೆ. ಪ್ರತಿ ಅಂಶಕ್ಕೂ ಪೂರ್ತಿ ಇದ್ದರೆ 2, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ಒಟ್ಟಾರೆ ಕನಿಷ್ಠ 70 ಶೇಕಡಾ ಬಂದರೆ ಮಾತ್ರ ಪ್ರಮಾಣಪತ್ರ. ಅದೂ ಮೂರು ವರ್ಷಕ್ಕೆ, ನಡುವೆ ಮತ್ತೆ ತಪಾಸಣೆ ಇರುತ್ತದೆ. ನನಗೆ ಇಷ್ಟವಾದದ್ದು ಅಂಕಕ್ಕಿಂತ ಅಂಕ ಕೊಡುವ ವಿಧಾನ. ಕಡತ ನೋಡಿದರಷ್ಟೇ ಸಾಲದು. ಕೆಲಸವನ್ನು ಕಣ್ಣಾರೆ ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ರೋಗಿಯ ಕಡೆಯವರನ್ನೂ ಕೇಳಬೇಕು. 'ಕೈ ತೊಳೆಯುವ ತರಬೇತಿ ನೀಡಲಾಗಿದೆ' ಎಂದು ರಿಜಿಸ್ಟರ್‌ನಲ್ಲಿದ್ದರೂ, ಎದುರಿಗಿರುವ ನರ್ಸ್‌ಗೆ ತೊಳೆದು ತೋರಿಸಲು ಬರದಿದ್ದರೆ ಪೂರ್ತಿ ಅಂಕ ಸಿಗುವುದಿಲ್ಲ.

ಖಾಸಗಿ ಆಸ್ಪತ್ರೆಗಳು ಎನ್‌ಎಬಿಎಚ್ ಮಾನ್ಯತೆ ಪಡೆಯುತ್ತವೆ. ಅದು ಕಡ್ಡಾಯವಲ್ಲ, ಆಸ್ಪತ್ರೆಯೇ ಮುಂದೆ ಬಂದು ಅರ್ಜಿ ಹಾಕಬೇಕು.

ಇದಕ್ಕೆ ಪೂರ್ತಿ ವಿರುದ್ಧವಾದ 'ತಪಾಸಣೆ'ಯನ್ನೂ ಮಹಾರಾಷ್ಟ್ರ ಕಂಡಿದೆ. 2023ರ ಅಕ್ಟೋಬರ್ ಆರಂಭದಲ್ಲಿ, ನಮ್ಮ ಬೀದರ್‌ಗೆ ಹೊಂದಿಕೊಂಡಿರುವ ನಾಂದೇಡ್‌ನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 24 ಗಂಟೆಗಳಲ್ಲಿ 24 ಮಂದಿ ಸತ್ತರು. ಅವರಲ್ಲಿ 12 ನವಜಾತ ಶಿಶುಗಳು. ಭೇಟಿಗೆ ಬಂದ ಸಂಸದರೊಬ್ಬರು ಪ್ರಭಾರ ಡೀನ್ ಕೈಗೆ ಪೊರಕೆ ಕೊಟ್ಟು ಶೌಚಾಲಯ ತೊಳೆಸಿದರು. ವಿಡಿಯೋ ವೈರಲ್ ಆಯಿತು, ಪೊಲೀಸ್ ಕೇಸ್ ಆಯಿತು. ಔಷಧ ಎಷ್ಟಿತ್ತು, ನರ್ಸ್ ಹುದ್ದೆ ಎಷ್ಟು ಖಾಲಿ ಇತ್ತು, ಮಕ್ಕಳು ಯಾವ ಆಸ್ಪತ್ರೆಯಿಂದ ಯಾವ ಸ್ಥಿತಿಯಲ್ಲಿ ಬಂದಿದ್ದರು ಎಂಬುದನ್ನು ಆ ಪೊರಕೆ ತಿಳಿಸಲಿಲ್ಲ. ಬಾಂಬೆ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡ ಮೇಲೆ ಖಾಲಿ ಹುದ್ದೆ, ಔಷಧ ಖರೀದಿಯ ಪ್ರಶ್ನೆಗಳು ಮುನ್ನೆಲೆಗೆ ಬಂದವು.

ಫೆರಾರಿ ತಂಡದಿಂದ ಕಲಿತ ವೈದ್ಯರು

ಮಕ್ಕಳ ವಿಷಯದಲ್ಲಿ ತಪ್ಪುಗಳು ಹೆಚ್ಚಾಗಿ ನುಸುಳುವುದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ. ಆಪರೇಷನ್ ಥಿಯೇಟರ್‌ನಿಂದ ಐಸಿಯುಗೆ, ಹಗಲು ಪಾಳಿಯಿಂದ ರಾತ್ರಿ ಪಾಳಿಗೆ, ನರ್ಸಿಂಗ್ ಹೋಮ್‌ನಿಂದ ದೊಡ್ಡ ಆಸ್ಪತ್ರೆಗೆ. ದೊಡ್ಡವರಿಗೆ ಒಂದು ಮಾತ್ರೆ ಎಂದರೆ ಒಂದು ಮಾತ್ರೆ. ಮಕ್ಕಳ ಔಷಧವನ್ನು ಪ್ರತಿ ಕೆ.ಜಿ. ತೂಕಕ್ಕೆ ಲೆಕ್ಕ ಹಾಕಬೇಕು, ದಶಮಾಂಶ ಚುಕ್ಕೆ ಆಚೀಚೆಯಾದರೆ ಡೋಸ್ ಹತ್ತು ಪಟ್ಟಾಗುತ್ತದೆ.

ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಹೃದಯ ವಿಭಾಗದ ವೈದ್ಯರು ಈ ಹಸ್ತಾಂತರ ಸರಿಪಡಿಸಲು ಫಾರ್ಮುಲಾ ಒನ್ ಕಾರ್ ರೇಸ್‌ನ ಫೆರಾರಿ ತಂಡದ ಮೊರೆ ಹೋದರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಟೈರ್ ಬದಲಿಸುವ ತಂಡದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಮಾತಾಡಬೇಕು, ಯಾರು ಮುಂದಾಳು ಎಂಬುದು ಮೊದಲೇ ನಿಗದಿ. ಅದೇ ಕ್ರಮ ಐಸಿಯುಗೂ ಬಂತು. 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಸ್ತಾಂತರದ ವೇಳೆಯ ತಾಂತ್ರಿಕ ತಪ್ಪುಗಳು, ಹೇಳದೆ ಬಿಟ್ಟುಹೋಗುತ್ತಿದ್ದ ಮಾಹಿತಿ ಎರಡೂ ಶೇ. 40ಕ್ಕಿಂತ ಹೆಚ್ಚು ಕಡಿಮೆಯಾದವು. ಹೊಸ ಯಂತ್ರ ಖರೀದಿಯಿಂದ ಬಂದ ಫಲ ಇದಲ್ಲ.

ಭಾರತದಲ್ಲೂ ಇಂಥ ಸಣ್ಣ ಪ್ರಯೋಗಗಳಿಗೆ ಚೌಕಟ್ಟಿದೆ. ದೆಹಲಿಯ ಏಮ್ಸ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ರೂಪಿಸಿದ 'ಪಿಒಸಿಕ್ಯೂಐ' ವಿಧಾನದಲ್ಲಿ ವಾರ್ಡ್‌ನ ಸಿಬ್ಬಂದಿಯೇ ಒಂದು ಸಮಸ್ಯೆ ಹಿಡಿಯುತ್ತಾರೆ. ಉದಾಹರಣೆಗೆ, ಹೆರಿಗೆ ಕೊಠಡಿಯಿಂದ ಬರುವ ಶಿಶುಗಳ ಮೈ ತಣ್ಣಗಾಗಿರುತ್ತದೆ ಎಂದಿಟ್ಟುಕೊಳ್ಳಿ. ಶಿಶುವಿನ ಸಹಜ ತಾಪಮಾನ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. ಒಂದು ವಾರ ಬರುವ ಪ್ರತಿ ಮಗುವಿನ ತಾಪಮಾನ ಬರೆದಿಡುವುದು. ಕಾರಣ ಹುಡುಕುವುದು: ಮುಂಬೈ ಸೆಕೆಗೆ ಥಿಯೇಟರ್‌ನ ಎಸಿ ಜೋರಾಗಿದೆಯೇ, ಒಣ ಬಟ್ಟೆ ಸಿದ್ಧವಿಲ್ಲವೇ? ಒಂದು ಬದಲಾವಣೆ ಮಾಡಿ ಮುಂದಿನ ವಾರ ಮತ್ತೆ ಅಳೆಯುವುದು. ಫಲ ಕಂಡರೆ ಮುಂದುವರಿಸುವುದು, ಇಲ್ಲದಿದ್ದರೆ ಬೇರೆ ನೋಡುವುದು. ಅಮಾನತು ಆದೇಶಕ್ಕಿಂತ ಇದು ನಿಧಾನ. ಟಿವಿಯಲ್ಲಿ ತೋರಿಸುವಂಥದ್ದೂ ಇದರಲ್ಲಿ ಏನೂ ಇಲ್ಲ.

ಕರೆಂಟ್, ಬೆಂಕಿ, ಹಣ

2020ರ ಅಕ್ಟೋಬರ್ 12ರಂದು ಇಡೀ ಮುಂಬೈ ಮಹಾನಗರದಲ್ಲಿ ಕರೆಂಟ್ ಹೋಯಿತು. ಅಂದು ಮುಲುಂಡ್‌ನ ಖಾಸಗಿ ಆಸ್ಪತ್ರೆಯೊಂದರ ಜನರೇಟರ್‌ಗೆ ಬೆಂಕಿ ಹತ್ತಿ ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. 2021ರ ಜನವರಿ 9ರಂದು ಭಂಡಾರಾ ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ ಬೆಂಕಿಗೆ 10 ಶಿಶುಗಳು ಬಲಿಯಾದವು. 2024ರ ಏಪ್ರಿಲ್‌ನಲ್ಲಿ ಭಾಂಡುಪ್‌ನ ಪಾಲಿಕೆ ಹೆರಿಗೆ ಆಸ್ಪತ್ರೆಯೊಂದರಲ್ಲಿ ಕರೆಂಟ್ ಇಲ್ಲದೆ ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಸಿಸೇರಿಯನ್ ಮಾಡಲಾಯಿತು ಎಂದು ಕುಟುಂಬದವರು ದೂರಿದರು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಜನರೇಟರ್ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಕೊನೆಯ ಬಾರಿ ಅದನ್ನು ಲೋಡ್ ಹಾಕಿ ಓಡಿಸಿ ನೋಡಿದ್ದು ಯಾವಾಗ ಎಂದು ಕೇಳಬೇಕು.

ಹಣದ ಮಾತೂ ಇದೆ. ವಾಡಿಯಾ ಆಸ್ಪತ್ರೆ ಟ್ರಸ್ಟ್‌ನದು, ಆದರೆ ಪಾಲಿಕೆ ಮತ್ತು ರಾಜ್ಯ ಸರ್ಕಾರದ ಅನುದಾನವೂ ಬರುತ್ತದೆ. ಬಾಕಿ ಎಷ್ಟು ಎಂಬ ಜಗಳ ಬೆಳೆದು 2020ರ ಜನವರಿಯಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳಲಾಗದ ಸ್ಥಿತಿ ಬಂತು. ಪ್ರತಿಮೆಗೆ ಹಣವಿದೆ, ಆರೋಗ್ಯಕ್ಕೆ ಇಲ್ಲವೇ ಎಂದು ಬಾಂಬೆ ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡ ಮೇಲೆ ರಾಜ್ಯ ಮತ್ತು ಪಾಲಿಕೆ ಸೇರಿ 46 ಕೋಟಿ ರೂಪಾಯಿ ಕೊಡಲು ಒಪ್ಪಿದವು. ಅನುದಾನ ತಡವಾದರೆ ಸಂಬಳ ತಡ, ಔಷಧ ತಡ. ಆ ತಿಂಗಳು ವಾರ್ಡ್‌ನ ಅಂಕ ಇಳಿದರೆ ತಪ್ಪು ನರ್ಸ್‌ದೇ ಎನ್ನುವುದು ಹೇಗೆ?

ಪೋಷಕರು ಏನು ನೋಡಬಹುದು?

ವೈದ್ಯಕೀಯ ಗೊತ್ತಿಲ್ಲದವರೂ ಗಮನಿಸಬಹುದಾದ ಕೆಲವು ಸಂಗತಿಗಳಿವೆ. ಹಾಸಿಗೆಯ ಪಕ್ಕದಲ್ಲಿ ಹ್ಯಾಂಡ್‌ರಬ್ ಇದೆಯೇ, ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಹೋಗುವಾಗ ವೈದ್ಯರು ಅದನ್ನು ಬಳಸುತ್ತಾರೆಯೇ ನೋಡಿ. ಚೀಟಿಯಲ್ಲಿ ಮಗುವಿನ ಇಂದಿನ ತೂಕ ಬರೆದಿದ್ದಾರೆಯೇ ನೋಡಿ. ರಾತ್ರಿ ಹನ್ನೊಂದು ಗಂಟೆಗೆ ವಾರ್ಡ್‌ನಲ್ಲಿ ಎಷ್ಟು ನರ್ಸ್‌ಗಳಿದ್ದಾರೆ ಎಂದು ಎಣಿಸಿ. ಎಸ್‌ಎನ್‌ಸಿಯುನಲ್ಲಿ ಪ್ರತಿ ಪಾಳಿಗೆ ಮೂರು ನಾಲ್ಕು ಶಿಶುಗಳಿಗೆ ಒಬ್ಬ ನರ್ಸ್ ಇರಬೇಕು, ವೆಂಟಿಲೇಟರ್‌ನಲ್ಲಿರುವ ಮಗುವಿಗೆ ಒಬ್ಬರೇ ಮೀಸಲು ಇರಬೇಕು ಎಂಬುದು ಮಾನದಂಡ. ಬೇರೆ ಆಸ್ಪತ್ರೆಗೆ ಕಳುಹಿಸುತ್ತೇವೆ ಎಂದರೆ, ಅಲ್ಲಿ ಬೆಡ್ ಇದೆಯೇ ಎಂದು ಫೋನ್ ಮಾಡಿ ಖಚಿತಪಡಿಸಿದ್ದಾರೆಯೇ ಎಂದು ಕೇಳಿ. ಈವರೆಗೆ ಕೊಟ್ಟ ಔಷಧದ ವಿವರವನ್ನು ಬರೆಸಿಕೊಳ್ಳಿ.

ಮಹಾರಾಷ್ಟ್ರದಲ್ಲಿ ನರ್ಸಿಂಗ್ ಹೋಮ್ ನೋಂದಣಿ ನಿಯಮಗಳಿಗೆ 2021ರಲ್ಲಿ ತಿದ್ದುಪಡಿಯಾಗಿದೆ. ರೋಗಿಯ ಹಕ್ಕುಗಳ ಪಟ್ಟಿ ಮತ್ತು ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಸರ್ಕಾರಿ ಆಸ್ಪತ್ರೆಯ ಬಗ್ಗೆ ಅಭಿಪ್ರಾಯ ತಿಳಿಸಲು ಕೇಂದ್ರದ 'ಮೇರಾ ಅಸ್ಪತಾಲ್' ವ್ಯವಸ್ಥೆ ಇದೆ.

ಒಂದು ಮಗು ಆಸ್ಪತ್ರೆಯಲ್ಲಿ ಮೃತಪಟ್ಟರೆ ಕಾರಣ ಪರಿಶೀಲಿಸಲು 'ಶಿಶು ಮರಣ ಪರಿಶೀಲನೆ' ನಡೆಸಬೇಕು ಎಂಬ ಕೇಂದ್ರದ ಮಾರ್ಗಸೂಚಿ 2014ರಿಂದಲೇ ಇದೆ. ಯಾರನ್ನೋ ಶಿಕ್ಷಿಸುವುದು ಅದರ ಉದ್ದೇಶವಲ್ಲ. ಮಗು ಆಸ್ಪತ್ರೆ ತಲುಪಲು ತಡವಾಯಿತೇ, ತಲುಪಿದ ಮೇಲೆ ಚಿಕಿತ್ಸೆ ತಡವಾಯಿತೇ ಎಂದು ಹುಡುಕುವುದು. ನಿಮ್ಮ ಹತ್ತಿರದ ಪಾಲಿಕೆ ಆಸ್ಪತ್ರೆಯಲ್ಲಿ ಕಳೆದ ವರ್ಷ ಇಂಥ ಎಷ್ಟು ಪರಿಶೀಲನೆ ನಡೆಯಿತು, ಅದರಿಂದ ಏನು ಬದಲಾಯಿತು ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು.