ಸೇಬಿನ ಗಾಣದಲ್ಲಿ ಅಡಗಿದ್ದ ವಿಷ

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಸೀಮೆಯಲ್ಲಿ 1724ರಲ್ಲಿ ಸೇಬು ಕೊಂಬೆ ಬಾಗುವಷ್ಟು ಬಿಟ್ಟಿತ್ತು. ಅದರ ಬೆನ್ನಿಗೇ ಜನ ಹೊಟ್ಟೆಶೂಲೆಯಿಂದ ಹೊರಳಾಡತೊಡಗಿದರು. ಕರುಳು ಹಿಂಡುವ ನೋವು, ಬಿಡದ ಮಲಬದ್ಧತೆ; ಕಾಯಿಲೆ ಬಲಿತವರ ಮಣಿಕಟ್ಟು ಜೋತುಬಿದ್ದು ಕೈ ಕೆಲಸಕ್ಕೆ ಬಾರದಾಗುತ್ತಿತ್ತು. 'ಡೆವನ್ ಶೂಲೆ' ಎಂದೇ ಹೆಸರಾದ ಈ ರೋಗಕ್ಕೆ ಸೈಡರಿನ ಹುಳಿಯೇ ಕಾರಣವೆಂದು ಪ್ಲಿಮತ್‌ನ ವೈದ್ಯ ಜಾನ್ ಹಕ್ಸ್‌ಹ್ಯಾಮ್ 1739ರಲ್ಲಿ ಬರೆದರು.

ಸೈಡರ್ ಎಂದರೆ ಸೇಬಿನ ಮದ್ಯ. (ಅಮೆರಿಕದಲ್ಲಿ ಹುದುಗದ ರಸಕ್ಕೂ ಇದೇ ಹೆಸರು.) ತಿನ್ನುವ ಸೇಬಿಗಿಂತ ಒಗರು, ಹುಳಿ ಹೆಚ್ಚಿರುವ ಜಾತಿಗಳೇ ಇದಕ್ಕೆ ಮೇಲು. ಹಿಂದೆ ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣವನ್ನು ಕಂಡವರಿಗೆ ಸೈಡರ್ ಗಾಣದ ಸ್ವರೂಪ ಥಟ್ಟನೆ ಹೊಳೆದೀತು: ದುಂಡನೆಯ ಕಲ್ಲಿನ ತೊಟ್ಟಿ, ಅದರಲ್ಲಿ ಕುದುರೆ ಸುತ್ತಿಸುವ ಕಲ್ಲಿನ ಚಕ್ರ. ಜಜ್ಜಿದ ಹಣ್ಣನ್ನು ಒಣಹುಲ್ಲಿನ ಪದರಗಳ ನಡುವೆ ಪೇರಿಸಿ, ತಿರುಪು ಬಿಗಿದು ಹಿಂಡುತ್ತಿದ್ದರು. ರಸವನ್ನು ಪೀಪಾಯಿಗೆ ತುಂಬಿದರಾಯಿತು, ಹೆಪ್ಪು ಹಾಕಬೇಕಿಲ್ಲ. ಹಣ್ಣಿನಲ್ಲೂ ಗಾಣದಲ್ಲೂ ಇರುವ ಯೀಸ್ಟ್ ತಾನಾಗಿಯೇ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ.

ಡೆವನ್‌ನಲ್ಲಿ ಇದು ಶೋಕಿಯ ಪಾನೀಯವಲ್ಲ. ಹೊಲದ ಆಳುಗಳಿಗೆ ಕೂಲಿಯ ಒಂದಂಶವನ್ನು ಸೈಡರಿನಲ್ಲೇ ಅಳೆದು ಕೊಡುತ್ತಿದ್ದರು. ರೋಗ ಬಂದರೂ ಕುಡಿತ ಬಿಡುವುದು ಅವರಿಗೆ ಸುಲಭವಿರಲಿಲ್ಲ. 1762ರಿಂದ 1767ರವರೆಗೆ ಎಕ್ಸಟರ್‌ನ ಆಸ್ಪತ್ರೆಯೊಂದಕ್ಕೇ ಈ ಶೂಲೆಯ 285 ರೋಗಿಗಳು ಸೇರಿದ್ದರು.

ಡೆವನ್‌ನಲ್ಲೇ ಹುಟ್ಟಿ ಲಂಡನ್ನಿನಲ್ಲಿ ವೈದ್ಯರಾಗಿದ್ದ ಜಾರ್ಜ್ ಬೇಕರ್ ಕೇಳಿದ ಪ್ರಶ್ನೆ ಸರಳ. ಹುಳಿಯೇ ದೋಷಿಯಾದರೆ, ಅಷ್ಟೇ ಸೈಡರ್ ಕುಡಿಯುವ ಹೆರೆಫರ್ಡ್, ಗ್ಲಾಸ್ಟರ್, ವೂಸ್ಟರ್ ಸೀಮೆಗಳಲ್ಲಿ ಈ ರೋಗ ಏಕಿಲ್ಲ? ಅವರು ಗಾಣಗಳ ಬಗ್ಗೆ ವಿಚಾರಿಸಿದರು. ಡೆವನ್‌ನಲ್ಲಿ ತೊಟ್ಟಿಯ ಕಲ್ಲುಗಳ ಸಂದಿಗೆ ಸೀಸ ಕರಗಿಸಿ ಹೊಯ್ಯುತ್ತಿದ್ದರು, ಕೆಲವು ಕಡೆ ಹಿಂಡುವ ಯಂತ್ರಕ್ಕೂ ಸೀಸದ ತಗಡು ಹೊದಿಸುತ್ತಿದ್ದರು. ಉಳಿದ ಸೀಮೆಗಳಲ್ಲಿ ಈ ರೂಢಿಯಿರಲಿಲ್ಲ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ಹುಳಿ ಕುದಿಸಬಾರದೆಂಬುದು ನಮ್ಮ ಅಡುಗೆಮನೆಯ ಹಳೆಯ ತಿಳಿವಳಿಕೆ. ಸೇಬಿನ ಆಮ್ಲವೂ ಹಾಗೆಯೇ ಸೀಸವನ್ನು ಕರಗಿಸಿಕೊಳ್ಳುತ್ತಿತ್ತು. ಗಂಧಕದ ದ್ರಾವಣ ಬೆರೆಸಿದಾಗ ಡೆವನ್ ಸೈಡರ್ ಕಪ್ಪಿಟ್ಟಿತು, ಹೆರೆಫರ್ಡ್‌ನದು ಕಪ್ಪಿಡಲಿಲ್ಲ. 1767ರಲ್ಲಿ ಬೇಕರ್ ಇದನ್ನೆಲ್ಲ ಲಂಡನ್ನಿನ ವೈದ್ಯರ ಕಾಲೇಜಿನ ಮುಂದಿಟ್ಟರು.

ಹುಳಿ ನಿರಪರಾಧಿಯೇನಲ್ಲ, ಆದರೆ ಅದು ವಿಷವಲ್ಲ, ವಿಷವನ್ನು ಹೊತ್ತು ತಂದ ವಾಹಕ. ಹಕ್ಸ್‌ಹ್ಯಾಮ್ ಎಡವಿದ್ದು ಇಲ್ಲಿಯೇ.

ತವರು ಸೀಮೆ ಬೇಕರ್ ಅವರನ್ನು ಮೆಚ್ಚಲಿಲ್ಲ. ಸೈಡರ್ ಮೇಲೆ 1763ರಲ್ಲಿ ಹೇರಿದ ತೆರಿಗೆಯ ವಿರುದ್ಧ ಸೆಣಸಿ, 1766ರಲ್ಲಷ್ಟೇ ಅದು ರದ್ದಾದುದನ್ನು ಕಂಡಿದ್ದ ಜನಕ್ಕೆ ಇದು ಮತ್ತೊಂದು ಪೆಟ್ಟಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಪಾದ್ರಿ ಥಾಮಸ್ ಆಲ್ಕಾಕ್ 1769ರಲ್ಲಿ, ಶೂಲೆಗೆ ಸೀಸ ಕಾರಣವಲ್ಲವೆಂದು ಪುಸ್ತಿಕೆಯನ್ನೇ ಹೊರತಂದರು. ವಿಚಿತ್ರವೆಂದರೆ, ಸೀಸದ ಬಟ್ಟಿಕೊಳವೆಯಲ್ಲಿ ಇಳಿಸಿದ ರಮ್ ಕುಡಿದವರಿಗೆ ಇಂಥದೇ ಶೂಲೆ ಬರುತ್ತದೆಂದು ಅಮೆರಿಕದ ಮ್ಯಾಸಚೂಸೆಟ್ಸ್ 1723ರಲ್ಲೇ ಆ ಕೊಳವೆಗಳನ್ನು ನಿಷೇಧಿಸಿತ್ತು!

ಜಗಳ ನಡೆಯುತ್ತಿದ್ದಂತೆಯೇ ಗಾಣಗಳಿಂದ ಸೀಸ ಮೆಲ್ಲಗೆ ಮಾಯವಾಯಿತು. ಮುಂದಿನ ದಶಕಗಳಲ್ಲಿ ರೋಗವೂ ಅಪರೂಪವಾಯಿತು. ಕೂಲಿಗೆ ಬದಲು ಸೈಡರ್ ಅಳೆದು ಕೊಡುವುದನ್ನು ಕಾನೂನು ತಡೆದದ್ದು ಮಾತ್ರ 1887ರಲ್ಲಿ. ಆ ಮೇಲೂ ಕೆಲವು ಹೊಲಗಳಲ್ಲಿ ಅದು ನಡೆದೇ ಇತ್ತು.