ಅರಿಶಿನ ಹಚ್ಚಿದ ಕೋಳಿ

ಅವ್ವ ಊರಲ್ಲಿ ನಾಟಿಕೋಳಿ ಸುಟ್ಟು, ತುಂಡು ಮಾಡಿ, ಉಪ್ಪು ಅರಿಶಿನ ಸವರಿ, ಸ್ಟೀಲ್ ಡಬ್ಬಿಗೆ ತುಂಬಿ ರಾತ್ರಿ ಬಸ್ಸಿಗೆ ಕೊಟ್ಟು ಕಳಿಸಿದ್ದಳು. ಏಪ್ರಿಲ್ ತಿಂಗಳು. ಆಫೀಸಲ್ಲಿ ರಿಲೀಸ್ ಇತ್ತು, ಡಬ್ಬಿ ತರೋಕೆ ನಾನು ಹೋಗಿದ್ದು ಮಾರನೇ ದಿನ ಸಂಜೆ. ಮುಚ್ಚಳ ತೆಗೆದ ತಕ್ಷಣ ಗೊತ್ತಾಯ್ತು. ಎಸೆದೆ. ರಾತ್ರಿ ಫೋನಲ್ಲಿ "ಸಾರು ಚೆನ್ನಾಗಿತ್ತು ಕಣವ್ವ" ಅಂದೆ.

ಸುಳ್ಳು ಹೇಳಿದ ಮೇಲೆ ನಿದ್ದೆ ಬರಲಿಲ್ಲ. ಫ್ರಿಜ್ ಬರೋಕೆ ಮುಂಚೆ ಜನ ಕೋಳೀನ ಹೇಗೆ ಕಾಪಾಡ್ತಿದ್ದರು ಅಂತ ಓದುತ್ತಾ ಕೂತೆ.

1626ರಲ್ಲಿ ಫ್ರಾನ್ಸಿಸ್ ಬೇಕನ್ ಲಂಡನ್ನಿನ ಹೈಗೇಟ್ ಹತ್ತಿರ ಒಂದು ಹೇಂಟೆ ಕೊಂಡು, ಹೊಟ್ಟೆಗೆ ಹಿಮ ತುಂಬಿ ನೋಡಿದ, ಆ ಚಳಿ ತಗುಲಿಯೇ ಸತ್ತ ಅಂತ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಪೂರ್ತಿ ನಂಬೋಕಾಗಲ್ಲ. ಆದರೆ ಕಥೆ ಚೆನ್ನಾಗಿದೆ.

ನನಗೆ ಹಿಡಿಸಿದ್ದು ನೈಋತ್ಯ ಫ್ರಾನ್ಸಿನ ರೈತರ ದಾರಿ. ಬಾತುಕೋಳಿಗೆ ಉಪ್ಪು ಹಾಕಿ, ಅದರದ್ದೇ ಕೊಬ್ಬಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಮಡಕೆಗೆ ತುಂಬಿ, ಮುಳುಗುವಷ್ಟು ಕೊಬ್ಬು ಸುರಿಯೋದು. ಕೊಬ್ಬು ಹೆಪ್ಪುಗಟ್ಟಿದರೆ ಗಾಳಿಗೆ ದಾರಿ ಇಲ್ಲ. ತಂಪು ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇರುತ್ತೆ. ಅದಕ್ಕೆ ಹೆಸರು ಕಾನ್ಫಿ. ಈಗ ದುಬಾರಿ ಹೋಟೆಲ್ ಮೆನುವಲ್ಲಿ ಕಾಣೋದು ಅದೇ, ಬಡವರ ಉಗ್ರಾಣದ ಅಡುಗೆ.

1869ರಲ್ಲಿ ಹವಾರ್ಡ್ ಮತ್ತು ಹಾರ್ಮನಿ ಅನ್ನೋರು ಮಾಂಸ, ಕೋಳಿ, ಮೀನನ್ನ ಜೆಲಟಿನ್ ಲೇಪನದಿಂದ ಕಾಪಾಡುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ತಗೊಂಡರು. ಜೆಲಟಿನ್ ಅಂದ್ರೆ ಏನೋ ರಾಸಾಯನಿಕ ಅಂದ್ಕೋಬೇಡಿ. ಕಾಲುಸೂಪು ಆರಿದಾಗ ಪಾತ್ರೆಯಲ್ಲಿ ಅಲುಗಾಡುತ್ತಲ್ಲ, ಅದು.

ಈಗಿನ ಪ್ರಯೋಗಗಳಲ್ಲಿ ಹೆಚ್ಚು ಓಡಾಡೋ ಹೆಸರು ಕೈಟೋಸಾನ್. ಸಿಗಡಿ, ಏಡಿ ಚಿಪ್ಪಿನ ಕೈಟಿನ್‌ನಿಂದ ಮಾಡ್ತಾರೆ. ಕೈಟಿನ್ ಮೊದಲು ಸಿಕ್ಕಿದ್ದು 1811ರಲ್ಲಿ, ಬ್ರಾಕೊನೋ ಎಂಬ ಫ್ರೆಂಚ್ ವಿಜ್ಞಾನಿಗೆ, ಅದೂ ಅಣಬೆಯಲ್ಲಿ. ಅದರಿಂದ ಕೈಟೋಸಾನ್ ಬಂದಿದ್ದು 1859ರಲ್ಲಿ, ರೂಜೆ ಕೈಯಲ್ಲಿ. ಆಮ್ಲದಲ್ಲಿ ಕರಗಿದಾಗ ಇದಕ್ಕೆ ಧನ ವಿದ್ಯುದಾವೇಶ, ಬ್ಯಾಕ್ಟೀರಿಯಾದ ಮೈಗೆ ಋಣ. ಅಂಟಿಕೊಂಡು ಅದರ ಪೊರೆಯನ್ನೇ ಕೆಡಿಸುತ್ತೆ. ಲವಂಗದ ಎಣ್ಣೆಯಂಥದ್ದನ್ನೂ ಬೆರೆಸಿ ಕೋಳಿ ಎದೆಮಾಂಸಕ್ಕೆ ಹಚ್ಚಿ ನೋಡ್ತಾರೆ. ಸಿಗೋದು ಕೆಲವು ದಿನ ಹೆಚ್ಚು, ಅದೂ ಫ್ರಿಜ್ಜಿನ ಒಳಗೆ. ಫ್ರಿಜ್ಜೇ ಬೇಡ ಅನ್ನೋ ಲೇಪನ ಇದಲ್ಲ.

ಅವ್ವನ ಅರಿಶಿನಕ್ಕೂ ಬ್ಯಾಕ್ಟೀರಿಯಾ ತಡೆಯೋ ಗುಣ ಇದೆ, ಉಪ್ಪು ನೀರು ಎಳೆಯುತ್ತೆ. ಆದರೆ ಪುಡಿ ಪೊರೆಯಾಗಲ್ಲ, ಏಪ್ರಿಲ್ ಸೆಕೆಯ ಮುಚ್ಚಿದ ಡಬ್ಬಿಯಲ್ಲಿ ಅದು ಎಷ್ಟು ಹೊತ್ತು ತಡೆದೀತು?

ಇದನ್ನೆಲ್ಲ ಹೇಳಿ, ಕೊನೆಗೆ ಎಸೆದದ್ದನ್ನೂ ಒಪ್ಪಿಕೊಂಡೆ. "ಗೊತ್ತಿತ್ತು ಬಿಡ್ಲಾ, ಡಬ್ಬಿ ವಾಪಸ್ ಬಂದಾಗ್ಲೇ ನಾರ್ತಿತ್ತು" ಅಂದಳು. ಈಗ ಹುರಿದು ಕಳಿಸ್ತಾಳೆ, ಮೇಲೆ ಎಣ್ಣೆ ನಿಲ್ಲೋ ಹಾಗೆ.