ಹಗೇವು ಕಲಿಸಿದ ಪಾಠ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಷೇರು, ಠೇವಣಿ, ಸಾಲ, ವಸೂಲಾತಿಯ ವಿಚಾರಗಳನ್ನು ಬೇರೆಯವರು ಬರೆದೇ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಇದಕ್ಕಿಂತ ಬಹಳ ಹಳೆಯದಾದ ಒಂದು ಉಳಿತಾಯದ ಸಂಗತಿ. ಅದು ಕಾಳಿನ ಉಳಿತಾಯ. ಹಗೇವು ಅಂದರೇನು ಅಂತ ಈಗಿನ ಹುಡುಗರನ್ನು ಕೇಳಿದರೆ ಮುಖ ಮುಖ ನೋಡುತ್ತಾರೆ. ಆದರೆ ನಮ್ಮ ಬಯಲುಸೀಮೆಯ ಜನ ತಲೆತಲಾಂತರದಿಂದ ಬದುಕಿ ಬಂದದ್ದರಲ್ಲಿ ಹಗೇವಿನ ಪಾಲು ದೊಡ್ಡದು.

ಹಗೇವು ಎಂದರೆ ನೆಲದೊಳಗಿನ ಕಣಜ. ನೀರು ನಿಲ್ಲದ ಎತ್ತರದ, ಗಟ್ಟಿ ಮಣ್ಣಿನ ಜಾಗ ನೋಡಿ ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ, ಥೇಟ್ ಹೂಜಿಯ ಹಾಗೆ. ಒಳಗೆ ಬೆಂಕಿ ಹಾಕಿ ಪಸೆ ಆರಿಸಿ, ಸುತ್ತ ಹುಲ್ಲು ಹೊಂದಿಸಿ, ಚೆನ್ನಾಗಿ ಒಣಗಿದ ರಾಗಿ ಸುರಿಯುತ್ತಿದ್ದರು. ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಉತ್ತರ ಕರ್ನಾಟಕದ ಕಡೆ ಹೀಗೆಯೇ ಜೋಳ ತುಂಬುತ್ತಿದ್ದರು. ಮುಚ್ಚಿದ ಮೇಲೆ ಒಳಗಿನ ಕಾಳು ಉಸಿರಾಡುತ್ತಾ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಹುಪ್ಪಟೆ ಬದುಕುವುದಿಲ್ಲ. ರಾಗಿಯೂ ಹಾಗೆಯೇ ಗಟ್ಟಿ ಧಾನ್ಯ. ಚಿಕ್ಕ ಕಾಳು, ಬಿಗಿಯಾದ ಸಿಪ್ಪೆ. ನುಸಿ ಸುಲಭಕ್ಕೆ ಮುಟ್ಟುವುದಿಲ್ಲ. ಇವತ್ತು ತುಂಬಿದ್ದನ್ನು ಹತ್ತಾರು ವರ್ಷ ಬಿಟ್ಟು ತೆಗೆದು ಮುದ್ದೆ ಮಾಡಿ ಉಂಡವರಿದ್ದಾರೆ.

ಹಗೇವು ತೆಗೆಯುವುದೂ ಒಂದು ವಿದ್ಯೆ. ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು. ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ ಲೆಕ್ಕ. ಈ ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡವರುಂಟು. ಈಗಲೂ ಹಳೇ ಹಗೇವು ಕಂಡರೆ, ದೀಪ ಉರಿದರೂ ಸಹ, ಒಬ್ಬರೇ ಇಳಿಯುವ ಸಾಹಸ ಬೇಡ.

ಗಂಡಸರು ಹಗೇವು ನೋಡಿಕೊಂಡರೆ ಮನೆಯೊಳಗಿನ ದಾಸ್ತಾನು ಹೆಂಗಸರದು. ವಾಡೆ, ಗುಡಾಣ, ಬಿದಿರಿನ ಕಣಜ ಎಲ್ಲಕ್ಕೂ ಸಗಣಿ ಸಾರಿಸಿ ಬಿಸಿಲಿಗಿಡುತ್ತಿದ್ದರು. ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟುವುದು, ಹುರುಳಿಗೆ ಬೂದಿ ಬೆರೆಸುವುದು, ಕಾಳಿನ ನಡುವೆ ಬೇವಿನ ಸೊಪ್ಪು ಇಡುವುದು ಅವರ ಕೆಲಸ. ಬೇಸಿಗೆ ಬಂತೆಂದರೆ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಉಪ್ಪಿನಕಾಯಿ, ಬೀಜ ಬಿಡಿಸಿ ಉಪ್ಪು ಹಾಕಿ ಕುಟ್ಟಿಟ್ಟ ಹುಣಸೆಹಣ್ಣು. ಬಿತ್ತನೆ ಬೀಜ ಮಾತ್ರ ಬೇರೆ ಮಡಕೆಯಲ್ಲಿ. ಹಗೇವಿನ ಕಾಳು ಉಣ್ಣಲು ಸರಿ, ಮೊಳಕೆಗೆ ನಂಬಿಕೆಯಲ್ಲ ಎಂಬುದು ಅವರಿಗೆ ಗೊತ್ತಿತ್ತು. ಎಷ್ಟೇ ಹಸಿವಾದರೂ ಬೀಜದ ಮಡಕೆಗೆ ಕೈ ಹಾಕಬಾರದು ಅನ್ನುವುದು ಮನೆಯ ಕಟ್ಟಳೆ.

ಇಷ್ಟೆಲ್ಲಾ ಇದ್ದರೂ ನಮ್ಮ ಸೀಮೆ ಬರದಲ್ಲಿ ಸತ್ತಿತಲ್ಲ, ಯಾಕೆ? ಈ ಪ್ರಶ್ನೆ ಕೇಳಲೇಬೇಕು. ಧಾತು ಸಂವತ್ಸರ, ಈಶ್ವರ ಸಂವತ್ಸರ, ಅಂದರೆ 1876ರಿಂದ 78ರವರೆಗಿನ ಬರವನ್ನು ಹಿರಿಯರು ಧಾತು ಈಶ್ವರದ ಬರ ಅಂತಲೇ ಕರೆಯುತ್ತಿದ್ದರು. 1875ರಲ್ಲೇ ಮಳೆ ಕಡಿಮೆ. 1876ರಲ್ಲಿ ಮುಂಗಾರು ಹಿಂಗಾರು ಎರಡೂ ಕೈಕೊಟ್ಟವು. 1877ರಲ್ಲಿಯೂ ಬಹಳ ದಿನ ಆಕಾಶ ನೋಡುವುದೇ ಆಯಿತು. ಮೊದಲು ಹಗೇವುಗಳು ಕಾದವು. ಆಮೇಲೆ ಅವೂ ಬರಿದಾದವು. ಮದರಾಸಿನಿಂದ ಬೆಂಗಳೂರಿಗೆ ರೈಲಿನಲ್ಲಿ ಧಾನ್ಯ ಬಂದರೂ, ಅಲ್ಲಿಂದ ಹಳ್ಳಿಗೆ ಸಾಗಿಸಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸಾಯುತ್ತಿದ್ದವು. ವರ್ತಕರ ವ್ಯಾಪಾರಕ್ಕೆ ಕೈ ಹಾಕಬಾರದೆಂಬುದು ಬ್ರಿಟಿಷ್ ಸರ್ಕಾರದ ನೀತಿ. ದೇಶದಲ್ಲಿ ಜನ ಸಾಯುತ್ತಿದ್ದಾಗಲೂ ಇಲ್ಲಿಂದ ಇಂಗ್ಲೆಂಡಿಗೆ ಗೋಧಿ ಹಡಗು ಹತ್ತುತ್ತಲೇ ಇತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ.

ಸತ್ತವರು ಯಾರು? ಮೊದಲು ಬಿದ್ದವರು ಹಗೇವು ಇಲ್ಲದವರು. ಕೂಲಿನಾಲಿ ಮಾಡುವವರು, ಜೀತಕ್ಕಿದ್ದವರು, ಮಗ್ಗ ನಂಬಿದವರು. ಹೊಲ ಇಲ್ಲದವನು ಹಗೇವಿಗೆ ಏನು ತುಂಬಿಯಾನು? ಮಳೆ ಹೋದರೆ ಕೂಲಿ ಹೋಯಿತು, ಕೂಲಿ ಹೋದರೆ ಅಂಗಡಿಯ ಕಾಳು ಕಣ್ಣಿಗೆ ಕಂಡರೂ ಕೈಗೆ ಸಿಗದು. ಒಳ್ಳೆಯ ಕಾಲದಲ್ಲೂ ಇಂಥವರು ಉಳ್ಳವರ ಮನೆಗೆ ಹೋಗಿ ಕೊಳಗಕ್ಕೆ ಒಂದೂವರೆ ಕೊಳಗದ ಮಾತಿನ ಮೇಲೆ ಕಾಳು ತರಬೇಕಿತ್ತು. ಹಗೇವು ಒಂದು ಮನೆಯನ್ನು ಒಂದೆರಡು ವರ್ಷ ಕಾಯಬಲ್ಲದು. ಊರನ್ನು ಕಾಯಲಾರದು. ಅದು ಕಲಿಸಿದ ದೊಡ್ಡ ಪಾಠ ಇದೇ ಅಂತ ನನ್ನ ಭಾವನೆ.

ಬರ ಮತ್ತು ಸಾಲ ಸೇರಿ ರೈತನನ್ನು ಹಣ್ಣು ಮಾಡಿದ್ದನ್ನು ಕಂಡ ಮೇಲೆ ಸಹಕಾರದ ಮಾತು ಬಂತು. ಮದರಾಸು ಸರ್ಕಾರದ ಅಧಿಕಾರಿ ನಿಕಲ್ಸನ್ ಅವರು ಯುರೋಪಿನ ಸಹಕಾರಿ ಬ್ಯಾಂಕುಗಳನ್ನು ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ವರದಿ ಕೊಟ್ಟರು. 1904ರಲ್ಲಿ ಕಾಯಿದೆಯಾಯಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘ ಹುಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ಸಹಕಾರ ಕಾಯಿದೆ ತಂದಿತು. ಒಬ್ಬೊಬ್ಬರ ಸಣ್ಣ ಉಳಿತಾಯ ಒಂದೆಡೆ ಕೂಡಿ ಕಷ್ಟದಲ್ಲಿರುವವನಿಗೆ ಒದಗಬೇಕು ಎಂಬ ನಮ್ಮ ಸಂಘದ ತತ್ವದ ಬೇರು ಇಲ್ಲಿದೆ.

ಹಗೇವು ಮರೆಯಾದದ್ದು ಒಂದೇ ದಿನದಲ್ಲಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ರೇಷನ್ನು, ಲೆವಿ ಬಂದವು. 1965ರಲ್ಲಿ ಭಾರತೀಯ ಆಹಾರ ನಿಗಮ ಆಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ರಾಗಿ ಇಳುವರಿ ಏರಿತು. ನಾಲೆ ಬಂದ ಕಡೆ ನೆಲದಲ್ಲಿ ಪಸೆ ಹೆಚ್ಚಿ ಹಗೇವು ಕೆಟ್ಟವು. ಗೋಣಿಚೀಲ ಬಂತು, ಕಣದಿಂದಲೇ ಲಾರಿ ಹತ್ತಿಸುವ ರೂಢಿ ಬಂತು. 2013ರಲ್ಲಿ ಅನ್ನಭಾಗ್ಯ, ಆಹಾರ ಭದ್ರತಾ ಕಾಯಿದೆ ಎರಡೂ ಬಂದವು. ಹೊಲ ಇಲ್ಲದವನ ಮನೆಗೂ ಕಾಳು ಬರುವ ಹಾಗಾದದ್ದು ಸಣ್ಣ ಸಂಗತಿಯಲ್ಲ.

ಹಾಗಂತ ಮನೆಯ ಕಣಜ ಪೂರ್ತಿ ಬರಿದು ಮಾಡಿಕೊಳ್ಳಬೇಕೇ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ, ಪಟ್ಟಣದಲ್ಲಿ ಕೂಲಿ ಕಳೆದುಕೊಂಡವರು ಗಂಟುಮೂಟೆ ಹೊತ್ತು ಊರಿಗೆ ಬಂದರು. ರಾಗಿ ಚೀಲ ಇದ್ದ ಮನೆಗಳು ನೆಮ್ಮದಿಯಾಗಿ ಇನ್ನೆರಡು ತಟ್ಟೆ ಹಾಕಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಬರ ಎಲ್ಲೂ ಹೋಗಿಲ್ಲ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನದು ಎರಡು ಅರಿಕೆ. ಬೆಳೆದದ್ದೆಲ್ಲಾ ಮಾರಬೇಡಿ. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕೆ.ಜಿ. ರಾಗಿ ಅಂತ ಹಿಡಿದರೂ ಮೂರು ತಿಂಗಳಿಗೆ ಒಂದು ಕ್ವಿಂಟಾಲ್ ಮೂವತ್ತೈದು ಕೆ.ಜಿ. ಆಗುತ್ತದೆ. ಅಷ್ಟನ್ನಾದರೂ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಕಾಳಾಗಿಯೇ ಇಡಿ, ಹಿಟ್ಟು ಬೇಕಾದಷ್ಟೇ ಬೀಸಿಸಿ. ಹಿಟ್ಟು ಬೇಗ ಕೆಡುತ್ತದೆ. ಹೊಸದು ಬಂದಾಗ ಹಳೆಯದನ್ನು ಮೊದಲು ಉಣ್ಣಿ.

ಎರಡನೆಯದು, ಸಂಘದ ಗೋದಾಮಿನಲ್ಲಿ ಗೊಬ್ಬರದ ಚೀಲದಿಂದ ಬೇರೆಯಾಗಿ ಒಂದು ಕೋಣೆ ಕಾಳಿಗೆಂದೇ ಇರಲಿ. ಸುಗ್ಗಿಯಲ್ಲಿ ಅನುಕೂಲ ಇದ್ದವರು ಒಂದೊಂದು ಕೊಳಗ ಹಾಕಲಿ. ಅಡಚಣೆ ಬಂದವರು, ಅದರಲ್ಲೂ ಹೊಲ ಇಲ್ಲದ ಸದಸ್ಯರು, ಒಯ್ದು, ಕೈ ತಿರುಗಿದಾಗ ತಂದಷ್ಟನ್ನೇ ಅಳೆಯಲಿ. ಒಂದೂವರೆ ಕೊಳಗದ ಲೆಕ್ಕ ಬೇಡ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಅಂತ ಗಾದೆಯೇ ಇದೆ. ಬರುವ ಸರ್ವಸದಸ್ಯರ ಸಭೆಯಲ್ಲಿ ಆಡಳಿತ ಮಂಡಳಿಯವರು ಈ ವಿಷಯ ಚರ್ಚೆಗೆ ತರಬೇಕೆಂದು ಕೋರುತ್ತೇನೆ.